ಮೈಲಿ ಮೀಟರಿನ ಮಾರಿಸ್ ಮೈನರ್: ದಾವಣಗೆರೆಯಿಂದ ಮಾರಿಕಣಿವೆಗೆ

ಶುಕ್ರವಾರ: ದಾವಣಗೆರೆ, ಹರಿಹರ

ಮಾವನ ಮಾರಿಸ್ ಮೈನರ್ 1959ರ ಗಾಡಿ. ಇಂಗ್ಲೆಂಡಿನಲ್ಲಿ ಓದು ಮುಗಿಸಿ ಊರಿಗೆ ಮರಳಿದ ಡಾಕ್ಟರೊಬ್ಬರು ಹಡಗಿನಲ್ಲಿ ತರಿಸಿಕೊಂಡದ್ದು. ಅವರಿಂದ ಮಾವನ ತಂದೆ ಕೊಂಡರು. ಆಮೇಲೆ ಅದು ದಾವಣಗೆರೆ ಬಿಟ್ಟು ಬೇರೆ ಊರಿನ ಶೆಡ್ ಕಂಡಿಲ್ಲ. ಎಪ್ಪತ್ತೈದು ದಾಟಿದ ಮಾವನಿಗೆ ಈಗ ಕ್ಲಚ್ ಒತ್ತಿದರೆ ಮಂಡಿ ನೋವು. "ನೀನು ಓಡಿಸು, ನಾನು ಪಕ್ಕದಾಗ ಕುಂದರ್ತೀನಿ. ಮಾರಿಕಣಿವೆ ತನಕ ಹೋಗಿ ಬರೋಣ" ಅಂದರು. ಮಾರಿಕಣಿವೆ ಅಂದರೆ ಹಿರಿಯೂರಿನ ಆಚೆಯ ವಾಣಿವಿಲಾಸ ಸಾಗರ ಅಣೆಕಟ್ಟು. ಬೆಂಗಳೂರಿಂದ ನಾನು, ಮಗಳು ಇಬ್ಬರೂ ರೈಲಿನಲ್ಲಿ ಬಂದಿಳಿದೆವು.

ಈ ಗಾಡಿಯಲ್ಲಿ ನನಗೆ ಹೊಸದು ಅನ್ನಿಸಿದ ಸಂಗತಿಗಳು ಬಹಳ. ಎಂಜಿನ್ ಶುರುವಾಗಲು ಒಂದು ಗುಬುಟು ಎಳೆಯಬೇಕು. ಹೆಡ್‌ಲೈಟ್ ಡಿಮ್ ಮಾಡಲು ಎಡಗಾಲಲ್ಲಿ ನೆಲದ ಸ್ವಿಚ್ ಒತ್ತಬೇಕು. ತಿರುವಿನಲ್ಲಿ ಬಾಗಿಲ ಹಿಂದಿನ ಕಂಬದಿಂದ ಪುಟ್ಟ ಕಿತ್ತಳೆ ಬಣ್ಣದ ಕೈ ಹೊರಗೆ ಚಾಚುತ್ತದೆ. ಇವೆಲ್ಲ ಅರ್ಧ ಗಂಟೆಯಲ್ಲಿ ರೂಢಿಯಾಗುತ್ತವೆ. ರೂಢಿಯಾಗಲು ಟೈಮ್ ತಗೊಳ್ಳೋದು ಮೀಟರ್.

ಡ್ಯಾಶ್‌ಬೋರ್ಡಿನ ನಟ್ಟನಡುವೆ ದೊಡ್ಡದೊಂದು ದುಂಡು ಮೀಟರ್. ಪೆಟ್ರೋಲ್ ಮುಳ್ಳೂ ಅದರೊಳಗೇ ಕೆಳಗಡೆ ಇದೆ. ಹತ್ತು, ಇಪ್ಪತ್ತು, ಮೂವತ್ತು ಅಂತ ಏರುವ ಅಂಕಿಗಳು. ಅಂಕಿಗಳೆಲ್ಲ ಮೈಲಿ. ಕಿಲೋಮೀಟರಿನ ಸುಳಿವೇ ಇಲ್ಲ. ಈಗಿನ ಬ್ರಿಟಿಷ್ ಕಾರುಗಳಲ್ಲಿ ಮೈಲಿ ದೊಡ್ಡದಾಗಿ, ಕಿಲೋಮೀಟರ್ ಒಳವೃತ್ತದಲ್ಲಿ ಸಣ್ಣದಾಗಿ ಎರಡೂ ಇರುತ್ತವೆ. ಡಿಜಿಟಲ್ ಪರದೆಯಾದರೆ ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು. ಇದರಲ್ಲಿ ಅಂಥ ಅನುಕೂಲ ಇಲ್ಲ.

ಇಂಥ ಮೀಟರಿನ ಕಾರು ನಮ್ಮ ರಸ್ತೆಗಳಲ್ಲಿ ಅಪರೂಪ ಆಗಿರೋದಕ್ಕೂ ಕಾರಣ ಇದೆ. ಹೊರದೇಶದಿಂದ ಕಾರು ತರುವವರಿಗೆ ನಮ್ಮ ಆಮದು ನಿಯಮ ಹಾಕುವ ಷರತ್ತುಗಳಲ್ಲಿ ಮೂರು ಮುಖ್ಯ. ಸ್ಟೀರಿಂಗ್ ಬಲಗಡೆ ಇರಬೇಕು. ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದುವಂತೆ ಬೀಳಬೇಕು. ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿ ವೇಗ ತೋರಿಸಬೇಕು. ಬರೀ ಮೈಲಿ ತೋರಿಸುವ ಮೀಟರ್ ಬೇಕಂದರೆ ಹೀಗೆ ಹಳೇ ಗಾಡಿಯಲ್ಲೇ ಹುಡುಕಬೇಕು.

ಮಧ್ಯಾಹ್ನ ಹದಡಿ ರಸ್ತೆ ಕಡೆ ಇರುವ ಮಾವನ ಖಾಯಂ ಮೇಸ್ತ್ರಿ ಹತ್ತಿರ ಹೋದೆವು. "ಇಪ್ಪತ್ತರ ತನಕ ಮುಳ್ಳು ಕುಣೀತೈತ್ರಿ. ಕೇಬಲ್ ಒಣಗಿರ್ಬೇಕು" ಅಂತ ಮಾವ ಹೇಳಿದ್ದೇ ತಡ, ಮೇಸ್ತ್ರಿ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ, ಬೆರಳಿನಲ್ಲೇ ಒಂದು ನಟ್ ತಿರುಗಿಸಿ ಕೇಬಲ್ಲಿನ ತುದಿ ಬಿಡಿಸಿಕೊಂಡರು. ಕಪ್ಪು ಕೊಳವೆಯೊಳಗಿಂದ ತೆಳುವಾದ ಹುರಿ ತಂತಿ ಉದ್ದಕ್ಕೂ ಜಾರಿ ಬಂತು. ಹಳೇ ಗ್ರೀಸ್ ಒಣಗಿ ಅಂಟು ಅಂಟಾಗಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರು. ತುದಿಯಿಂದ ತುದಿಗೆ ಬೆರಳಾಡಿಸಿ ಎಲ್ಲಾದರೂ ಎಳೆ ಬಿಚ್ಚಿದೆಯಾ ಅಂತ ನೋಡಿದರು. ಆಮೇಲೆ ಹೊಸ ಗ್ರೀಸ್ ಸವರಿದರು. ಆದರೆ ಮೀಟರ್ ಕಡೆಯ ಒಂದು ಗೇಣು ಮಾತ್ರ ಒಣಗಿದ ಹಾಗೇ ಬಿಟ್ಟರು. "ಅಲ್ಲೀತನಕ ಹಚ್ಚಿದ್ರೆ ಗ್ರೀಸು ತಿರುಗ್ತಾ ತಿರುಗ್ತಾ ಮ್ಯಾಲೆ ಏರಿ ಮೀಟರ್ ಒಳಗ ಹೋಗ್ತೈತ್ರಿ. ಆಮೇಲೆ ಮುಳ್ಳು ಸುಳ್ಳು ಹೇಳ್ತೈತಿ."

ಒಳಗಿನ ಕೆಲಸ ನೋಡಿದರೆ ಖುಷಿಯಾಗುತ್ತದೆ. ಗೇರ್‌ಬಾಕ್ಸ್ ತಿರುಗಿದಂತೆ ಈ ಕೇಬಲ್ ತಿರುಗುತ್ತದೆ. ಕೇಬಲ್ಲಿನ ತುದಿಯಲ್ಲಿ ಒಂದು ಆಯಸ್ಕಾಂತ. ಅದರ ಮೇಲೆ, ಅದನ್ನು ಮುಟ್ಟದೆ, ಅಲ್ಯೂಮಿನಿಯಮ್ಮಿನ ಒಂದು ಬಟ್ಟಲು. ಆಯಸ್ಕಾಂತ ಸುತ್ತಿದಾಗ ಬಟ್ಟಲಿನಲ್ಲಿ ವಿದ್ಯುತ್ ಸುಳಿಗಳು ಹುಟ್ಟಿ ಅದನ್ನೂ ಜೊತೆಗೆ ಎಳೆಯುತ್ತವೆ. ಕೂದಲಿನಷ್ಟು ತೆಳ್ಳಗಿನ ಒಂದು ಸ್ಪ್ರಿಂಗ್ ಬೇಡ ಅಂತ ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮನಾದ ಕಡೆ ಮುಳ್ಳು ನಿಲ್ಲುತ್ತದೆ. 1902ರಲ್ಲಿ ಜರ್ಮನಿಯ ಒಟ್ಟೋ ಶುಲ್ಟ್ಸೆ ಇದಕ್ಕೆ ಪೇಟೆಂಟ್ ಪಡೆದ. ಒಂದು ಶತಮಾನ ಕಳೆದರೂ ಎಷ್ಟೋ ಗಾಡಿಗಳಲ್ಲಿ ಇದೇ ಉಪಾಯ. ಡಯಲಿನ ಕೆಳಗೆ ಸಣ್ಣದೊಂದು ಸಂಖ್ಯೆ ಅಚ್ಚಾಗಿರುತ್ತದೆ. ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ಸುತ್ತಬೇಕು ಅನ್ನೋ ಲೆಕ್ಕ ಅದು. ಅಂದರೆ ಈ ಮೀಟರಿನಲ್ಲಿ ಮೈಲಿ ಅನ್ನೋದು ಬರೀ ಮುಖದ ಮೇಲಿನ ಬಣ್ಣ ಅಲ್ಲ. ಗೇರು, ಕೇಬಲ್, ಸ್ಪ್ರಿಂಗ್ ಎಲ್ಲವೂ ಅದಕ್ಕೇ ಹೊಂದಿಕೊಂಡಿವೆ.

"ಬೇಕಿದ್ರೆ ಕಿಲೋಮೀಟರ್ ಡಯಲ್ ಪ್ರಿಂಟ್ ಹಾಕಿಸಿ ಅಂಟಿಸಿ ಕೊಡ್ತೀನ್ರಿ" ಅಂದರು ಮೇಸ್ತ್ರಿ. ಮಾವ ಬೇಡ ಅಂತ ತಲೆ ಅಲ್ಲಾಡಿಸಿದರು. ನನಗೂ ಬೇಡ ಅನ್ನಿಸಿತು. ಮುಳ್ಳಿನ ಮುಂದೆ ಅಂಕಿ ಬದಲಿಸಿದರೂ ಒಳಗೆ ಓಡಿದ ದೂರ ಎಣಿಸುವ ಚಕ್ರಗಳು ಮೈಲಿಯನ್ನೇ ಎಣಿಸುತ್ತವೆ. ಮೇಲೊಂದು, ಒಳಗೊಂದು ಆದರೆ ಗೊಂದಲ ಇನ್ನೂ ಜಾಸ್ತಿ.

ಸಂಜೆ ಪಿ.ಬಿ. ರಸ್ತೆ ಹಿಡಿದು ಹರಿಹರದ ಕಡೆ ಹೊರಟೆವು. ಹಳೇ ಪುಣೆ-ಬೆಂಗಳೂರು ರಸ್ತೆ ಇದು. ಬೈಪಾಸ್ ಬಂದ ಮೇಲೂ ದಾವಣಗೆರೆಯವರ ಬಾಯಲ್ಲಿ ಪಿ.ಬಿ. ರಸ್ತೆಯೇ. ಹರಿಹರಕ್ಕೆ 14 ಕಿಲೋಮೀಟರ್, ಮೈಲಿಯಲ್ಲಿ ಒಂಬತ್ತಕ್ಕೆ ಚೂರು ಕಡಿಮೆ. ಮಗಳು ಹಿಂದಿನ ಸೀಟಿನಲ್ಲಿ ಫೋನಿನ ಜಿಪಿಎಸ್ ವೇಗ ನೋಡುತ್ತಾ ಕೂಗುತ್ತಿದ್ದಳು. ಮುಳ್ಳು 20 ಅಂದಾಗ ಫೋನು 31. ಮುಳ್ಳು 30 ಅಂದಾಗ ಫೋನು 46. ಮಾವ ಮಾತಾಡದೆ ಮೀಟರ್ ಮೇಲೆ ಕಣ್ಣಿಟ್ಟಿದ್ದರು. ಮೀಟರ್ ನಡುವೆ ಇರೋದರಿಂದ ಪಕ್ಕದವರಿಗೂ ಅದು ಅಷ್ಟೇ ಚೆನ್ನಾಗಿ ಕಾಣುತ್ತದೆ.

ಹರಿಹರೇಶ್ವರನ ಗುಡಿ 1224ರ ಹೊಯ್ಸಳರ ಕಾಲದ್ದು. ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಮಂಗಳಾರತಿ ಹೊತ್ತಿಗೆ ಸರಿಯಾಗಿ ತಲುಪಿದೆವು. ವಾಪಸ್ ಬರುವಾಗ ಕತ್ತಲು. ಮೀಟರಿನ ಬಲ್ಬು ಮಂಕು, ಅಂಕಿ ಕಾಣೋದೇ ಕಷ್ಟ. ರಾತ್ರಿ ಈ ಗಾಡಿಯಲ್ಲಿ ಹೆದ್ದಾರಿಗೆ ಇಳಿಯೋದು ಬೇಡ ಅಂತ ಆಗಲೇ ನಿರ್ಧಾರ ಮಾಡಿದೆವು.

ಶನಿವಾರ: ದಾವಣಗೆರೆಯಿಂದ ಚಿತ್ರದುರ್ಗ

ಬೆಳಿಗ್ಗೆ ಬೆಣ್ಣೆ ದೋಸೆ ತಿಂದೇ ಹೊರಟಿದ್ದು. ಬೇರೆ ಊರಲ್ಲಿ ದಾವಣಗೆರೆ ಬೆಣ್ಣೆ ದೋಸೆ ಅಂತ ಬೋರ್ಡ್ ಹಾಕಿದ ಕಡೆ ಎಷ್ಟೋ ಸಲ ತಿಂದಿದ್ದೇನೆ. ಇಲ್ಲಿ ಸೌದೆ ಒಲೆಯ ಹೆಂಚಿನಿಂದ ನೇರವಾಗಿ ತಟ್ಟೆಗೆ ಬಂದದ್ದರ ಮುಂದೆ ಅದು ಯಾವುದೂ ನಿಲ್ಲೋದಿಲ್ಲ.

ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿಲೋಮೀಟರ್. ಮಾವನ ಲೆಕ್ಕದಲ್ಲಿ 37 ಮೈಲಿ. ಹೆದ್ದಾರಿ ಹತ್ತುವ ಮುಂಚೆ ಬಂಕಿನಲ್ಲಿ ಗಾಳಿ ಹಿಡಿಸಿದೆವು. ಹುಡುಗ "ಎಷ್ಟು ಪೌಂಡ್ ಅಣ್ಣ?" ಅಂತ ಕೇಳಿದ. ಟಯರಿನ ಗಾಳಿಗೆ ನಾವು ಇವತ್ತಿಗೂ ಪೌಂಡೇ ಅನ್ನುತ್ತೇವೆ. ಕಾರಿನ ಕೈಪಿಡಿಯಲ್ಲೂ ಪೌಂಡೇ ಇದ್ದಿದ್ದರಿಂದ ಆ ಒಂದು ವಿಷಯದಲ್ಲಿ ಲೆಕ್ಕ ಹಾಕುವ ಕೆಲಸ ಉಳಿಯಿತು.

ಹೆದ್ದಾರಿ ಹತ್ತಿದ ಮೇಲೆ ಮೈಲಿ ಮೀಟರಿನ ನಿಜವಾದ ಸವಾಲು ಏನಂತ ಗೊತ್ತಾಯಿತು. ಗುಣಾಕಾರ ಕಷ್ಟವೇನಲ್ಲ. ಮೈಲಿಗೆ ಅದರ ಅರ್ಧ ಸೇರಿಸಿ, ಹತ್ತನೇ ಒಂದು ಭಾಗ ಸೇರಿಸಿದರೆ ಕಿಲೋಮೀಟರ್ ಸಿಗುತ್ತದೆ. 30ಕ್ಕೆ 15, ಆಮೇಲೆ 3. ಒಟ್ಟು 48. ತಿರುಗಾ ಬರೋದೂ ಸುಲಭ. ಬೋರ್ಡಿನ ಅಂಕಿಯ ಅರ್ಧ, ಜೊತೆಗೆ ಹತ್ತನೇ ಒಂದು. 80 ಅಂದರೆ 40 ಮತ್ತು 8, ಅಂದರೆ 48. ಸರಿಯಾದ ಉತ್ತರ 49.7. ಈ ಲೆಕ್ಕ ಯಾವಾಗಲೂ ಒಂಚೂರು ಕಡಿಮೆ ವೇಗದ ಕಡೆಗೇ ತಪ್ಪುತ್ತದೆ, ಹಾಗಾಗಿ ಧೈರ್ಯವಾಗಿ ನಂಬಬಹುದು.

ಕಷ್ಟ ಇರೋದು ಕಾಲಿನಲ್ಲಿ. ಇಷ್ಟು ವರ್ಷ ಹೆದ್ದಾರಿಯಲ್ಲಿ 40 ಕಂಡರೆ ನಿಧಾನ ಅಂತ ಕಾಲಿಗೆ ಪಾಠವಾಗಿದೆ. ಮುಳ್ಳು 40ರಲ್ಲಿ ನಿಂತಾಗ ಕಾಲು ತಾನಾಗಿ ಆಕ್ಸಿಲರೇಟರ್ ಕಡೆ ಹೊರಡುತ್ತದೆ. ಕಿಟಕಿ ಆಚೆ ನೋಡಿದರೆ ಮರಗಳು ಓಡುತ್ತಿರೋ ರೀತಿ ಬೇರೆಯೇ ಹೇಳುತ್ತದೆ. 40 ಮೈಲಿ ಅಂದರೆ 64 ಕಿಲೋಮೀಟರ್. 948 ಸಿಸಿಯ, ನಾಲ್ಕು ಗಾಲಿಗೂ ಡ್ರಮ್ ಬ್ರೇಕ್ ಇರುವ ಅರವತ್ತು ವರ್ಷ ದಾಟಿದ ಗಾಡಿಗೆ ಅದು ಕಡಿಮೆ ಏನಲ್ಲ.

ಆನಗೋಡು ದಾಟಿದ ಮೇಲೆ ಸರ್ವಿಸ್ ರಸ್ತೆಗೆ ಇಳಿಯುವ ಕಡೆ 40ರ ಬೋರ್ಡು ಕಂಡಿತು. ಕೆಂಪು ವೃತ್ತ, ನಡುವೆ ಕಪ್ಪು ಅಂಕಿ. ಮೀಟರಿನಲ್ಲೂ 40 ಇದೆ. ಎರಡೂ ಒಂದೇ ಅಂಕಿ, ಅರ್ಥ ಮಾತ್ರ ಬೇರೆ. ಬೋರ್ಡಿನ 40ಕ್ಕೆ ಮೀಟರಿನ 25 ಸಮ. ಬೋರ್ಡಿನಲ್ಲಿ 40 ಅಂತ ಮುಳ್ಳನ್ನೂ 40ಕ್ಕೆ ಇಟ್ಟರೆ ಒಂದೂವರೆ ಪಟ್ಟಿಗಿಂತ ಜಾಸ್ತಿ ವೇಗ ಆಗುತ್ತದೆ. ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲೋಕೆ ಬೇಕಾದ ದೂರ ವೇಗದ ವರ್ಗದಂತೆ ಬೆಳೆಯುತ್ತದೆ. ಅಂದರೆ ಎರಡೂವರೆ ಪಟ್ಟು. ಆ ಬೋರ್ಡಿನ ಆಚೆಗೇ ಹಾಲಿನ ಕ್ಯಾನ್ ಕಟ್ಟಿಕೊಂಡ ಒಬ್ಬರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಹಳೇ ಕಾರಿನ ಮೀಟರ್ ಅಂದರೆ ಅಲಂಕಾರ ಅಂದುಕೊಳ್ಳುವವರಿಗೆ ನಾನು ಹೇಳೋದು ಇಷ್ಟೇ: ರಸ್ತೆ ದಾಟುವ ಆ ಮನುಷ್ಯನಿಗೆ ನಿಮ್ಮ ಮುಳ್ಳು 40 ಅಂತ ಯಾವ ಲೆಕ್ಕದಲ್ಲಿ ಹೇಳುತ್ತಿದೆ ಅನ್ನೋದೇ ಮುಖ್ಯ.

ಹೆಬ್ಬಾಳು ಟೋಲ್‌ನಲ್ಲಿ ಫಾಸ್ಟ್ಯಾಗ್ ಓದಿ ಗೇಟು ಎದ್ದಿತು. ಅದರಾಚೆ ಗಾಡಿ ಬದಿಗೆ ಹಾಕಿ, ನೀರು ಕುಡಿದು, ನಾನು ಮಾವನ ಹತ್ತಿರ ಕೇಳಿದೆ. "ಮಾವ, ನೀವು ಓಡಿಸುವಾಗ ಲೆಕ್ಕ ಹಾಕ್ತಿದ್ರಾ?"

"ಲೆಕ್ಕ ಯಾತಕ್ಕಪಾ? ಊರಾಗ ಹದಿನೈದು. ಹಳ್ಳಿ ಬಂದ್ರ ಇಪ್ಪತ್ತೈದು. ಬಯಲು ರಸ್ತೆ ನಲವತ್ತು. ಅಷ್ಟೇ. ಬೋರ್ಡು ನೋಡಿ ಮೀಟರ್ ನೋಡಬ್ಯಾಡ. ರಸ್ತೆ ನೋಡು, ಯಾವ ಗುರುತು ಬೇಕು ಅಂತ ನಿಂಗೇ ಗೊತ್ತಾಗ್ತದ."

ಇದು ನನಗೆ ಸರಿ ಅನ್ನಿಸಿತು. ಓಡಿಸುತ್ತಾ ಗುಣಾಕಾರ ಮಾಡೋದು ಅಂದರೆ ಗಮನವನ್ನು ರಸ್ತೆಯಿಂದ ಕದ್ದ ಹಾಗೆ. ಅದರ ಬದಲು ನಾಲ್ಕು ಗುರುತು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. 15 ಅಂದರೆ ಪೇಟೆಬೀದಿ, 24 ಕಿಲೋಮೀಟರ್. 25 ಅಂದರೆ ಬೋರ್ಡಿನ 40. 37 ಅಂದರೆ ಬೋರ್ಡಿನ 60. 50 ಅಂದರೆ ಬೋರ್ಡಿನ 80, ಈ ಗಾಡಿಗೆ ನಾವೇ ಹಾಕಿಕೊಂಡ ಗಡಿ. ಕಾರುಗಳಿಗೆ ಈ ಹೆದ್ದಾರಿಯಲ್ಲಿ ಅದಕ್ಕಿಂತ ಜಾಸ್ತಿ ಬಿಡುತ್ತಾರೆ, ಮಾರಿಸ್ ಕೂಡ ಹೊಸದರಲ್ಲಿ 70 ಮೈಲಿ ದಾಟುತ್ತಿತ್ತು. ಈಗ ಅದನ್ನು ಕೇಳೋದು ನ್ಯಾಯ ಅಲ್ಲ. ಮಗಳ ಹತ್ತಿರ ಕೆಂಪು ಟೇಪಿನ ಸುರುಳಿ ಇತ್ತು. ಉಗುರಿನ ಅಗಲಕ್ಕಿಂತ ಸಣ್ಣದಾಗಿ ಕತ್ತರಿಸಿ 25, 37, 50ರ ಎದುರಿಗೆ ಗಾಜಿನ ಅಂಚಿಗೆ ಅಂಟಿಸಿದಳು. ಡಯಲಿಗೆ ಏನೂ ಆಗಲಿಲ್ಲ. ಬೇಡವಾದಾಗ ಕಿತ್ತರೆ ಆಯಿತು.

ಅಲ್ಲಿಂದ ಮುಂದೆ ಪ್ರಯಾಣದ ಹದವೇ ಬದಲಾಯಿತು. ಭರಮಸಾಗರದ ಕೆರೆ ಕಂಡಿತು. ತುಂಗಭದ್ರೆಯ ನೀರು ಪೈಪಿನಲ್ಲಿ ಬಂದು ಈ ಕೆರೆ ತುಂಬಿದ ಮೇಲೆ ಸುತ್ತಲ ತೋಟಗಳ ಬಣ್ಣವೇ ಬೇರೆಯಾಗಿದೆ. ಮಾವ ಬರದ ದಿನಗಳನ್ನು ನೋಡಿದವರು. ಗಾಡಿ ನಿಲ್ಲಿಸಲು ಹೇಳಿ ಏರಿ ಮೇಲೆ ಬಹಳ ಹೊತ್ತು ನಿಂತರು. ಇಲ್ಲಿಂದ ಚಿತ್ರದುರ್ಗದ ತನಕ ಮುಳ್ಳು ಕೆಂಪು ಚುಕ್ಕಿಗಳ ನಡುವೆ ಓಡಾಡಿಕೊಂಡಿತ್ತು. ನನ್ನ ಕಿವಿಯೂ ಕಲಿಯತೊಡಗಿತು. ಟಾಪ್ ಗೇರಿನಲ್ಲಿ 37ರ ಹತ್ತಿರ ಎಂಜಿನ್ನಿನ ಗುಂಯ್‌ಗುಡುವಿಕೆ ಒಂದು ಹದಕ್ಕೆ ಬರುತ್ತದೆ. 45 ದಾಟಿದರೆ ಮಾವನ ಕಡೆಯ ಕಿಟಕಿ ಗಾಜು ನಡುಗುತ್ತದೆ. ಆ ಶಬ್ದಕ್ಕೆ ಮೈಲಿಯೂ ಇಲ್ಲ, ಕಿಲೋಮೀಟರೂ ಇಲ್ಲ.

ಬಿಸಿಲು ಇಳಿದ ಮೇಲೆ ಏಳು ಸುತ್ತಿನ ಕೋಟೆ ಹತ್ತಿದೆವು. ಮಾವ ಕೆಳಗಿನ ಬಾಗಿಲಲ್ಲೇ ಕುಳಿತರು. ಒನಕೆ ಓಬವ್ವನ ಕಿಂಡಿ, ಏಕನಾಥೇಶ್ವರಿ ಗುಡಿ ನೋಡಿಕೊಂಡು ಬೇಗ ಇಳಿದೆವು. ಮೇಲಿಂದ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ಸಾಲಾಗಿ ಕಾಣುತ್ತವೆ.

ಭಾನುವಾರ: ಹಿರಿಯೂರು, ವಾಣಿವಿಲಾಸ ಸಾಗರ

ಇವತ್ತಿನ ಮುಖ್ಯ ಕೆಲಸ ಮೀಟರಿನ ಪರೀಕ್ಷೆ. ಫೋನು 46 ಅಂದಾಗ ಮುಳ್ಳು 30 ಅಂದಿತ್ತಲ್ಲ, 30 ಮೈಲಿ ಅಂದರೆ 48 ಇರಬೇಕಿತ್ತು. ತಪ್ಪು ಫೋನಿನದೋ ಮುಳ್ಳಿನದೋ ತಿಳಿಯಬೇಕಿತ್ತು. ಅದಕ್ಕೆ ರಸ್ತೆಬದಿಯ ಕಲ್ಲುಗಳಿಗಿಂತ ಒಳ್ಳೆ ಸಾಕ್ಷಿ ಇಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಳದಿ ತಲೆಯ ಕಲ್ಲು ಕಿಲೋಮೀಟರಿಗೊಂದು ಇರುತ್ತದೆ. ನಡುವೆ ಪ್ರತಿ 200 ಮೀಟರಿಗೆ ಸಣ್ಣ ಕಲ್ಲು.

ಚಿತ್ರದುರ್ಗ ದಾಟಿ ಹಿರಿಯೂರಿನ ದಾರಿಯಲ್ಲಿ ಬೆಳಗಿನ ಹೊತ್ತು ಲಾರಿಗಳು ಕಡಿಮೆ ಇದ್ದವು. ಎಡಗಡೆಯ ಲೇನಿನಲ್ಲಿ ಮುಳ್ಳನ್ನು ಸರಿಯಾಗಿ 40ರ ಗೆರೆ ಮೇಲೆ ಹಿಡಿದೆ. ನನ್ನ ಕೆಲಸ ಅದೊಂದೇ. ಗೆರೆ ಮೇಲಿದೆಯಾ ಅಂತ ನೋಡೋದು ಮಾವನ ಪಾಲು. ಮಗಳು ಸ್ಟಾಪ್‌ವಾಚ್ ಹಿಡಿದಿದ್ದಳು. ಒಂದು ಕಿಲೋಮೀಟರ್ ಕಲ್ಲು ಕಿಟಕಿಗೆ ನೇರವಾಗಿ ಬಂದಾಗ ಒತ್ತಿದಳು. ಐದು ಕಿಲೋಮೀಟರ್ ಮುಗಿದಾಗ ಮತ್ತೆ ಒತ್ತಿದಳು.

"ನಾಲ್ಕು ನಿಮಿಷ ಐವತ್ತಾರು ಸೆಕೆಂಡ್ ಅಜ್ಜ!"

ನಿಜಕ್ಕೂ 40 ಮೈಲಿ ವೇಗ ಇದ್ದರೆ ಐದು ಕಿಲೋಮೀಟರಿಗೆ ನಾಲ್ಕು ನಿಮಿಷ ನಲವತ್ತು ಸೆಕೆಂಡ್ ಸಾಕು. ನಮಗೆ ಹದಿನಾರು ಸೆಕೆಂಡ್ ಜಾಸ್ತಿ ಹಿಡಿಯಿತು. ಅಂದರೆ ನಿಜವಾದ ವೇಗ 38 ಮೈಲಿಗೆ ಚೂರು ಕಡಿಮೆ, ಗಂಟೆಗೆ 61 ಕಿಲೋಮೀಟರ್. ಮುಳ್ಳು ಎರಡು ಮೈಲಿ ಹೆಚ್ಚು ಹೇಳುತ್ತಿದೆ. ಫೋನು ಹೇಳಿದ್ದು ಸರಿ.

ಇಲ್ಲಿ ಇನ್ನೊಂದು ಸಂಗತಿ ನೋಡಿದೆವು. ಹಿರಿಯೂರು ತಲುಪುವ ಹೊತ್ತಿಗೆ ಕಲ್ಲುಗಳ ಲೆಕ್ಕದಲ್ಲಿ 40 ಕಿಲೋಮೀಟರ್ ಆಗಿತ್ತು. 40 ಕಿಲೋಮೀಟರ್ ಅಂದರೆ 24.85 ಮೈಲಿ. ಮೀಟರಿನ ಅಂಕಿ ಚಕ್ರ ಬೆಳಿಗ್ಗೆಯಿಂದ 25 ಉರುಳಿತ್ತು. ದೂರದ ಲೆಕ್ಕ ಸರಿ ಇದೆ, ವೇಗದ ಮುಳ್ಳು ಮಾತ್ರ ಮುಂದೆ ಓಡುತ್ತಿದೆ. ಒಂದೇ ಕೇಬಲ್, ಒಂದೇ ಡಬ್ಬಿ, ಹಾಗಾದರೆ ಎರಡು ಉತ್ತರ ಹೇಗೆ? ದೂರ ಎಣಿಸುವುದು ಹಲ್ಲಿನ ಚಕ್ರಗಳು. ಅವು ಕೇಬಲ್ ಸುತ್ತಿದಷ್ಟೇ ಸುತ್ತುತ್ತವೆ, ಹೆಚ್ಚು ಕಡಿಮೆ ಮಾಡೋಕೆ ಆಗೋದಿಲ್ಲ. ಮುಳ್ಳು ನಿಂತಿರೋದು ಆ ಕೂದಲೆಳೆ ಸ್ಪ್ರಿಂಗಿನ ಬಲದ ಮೇಲೆ. ವರ್ಷಗಳು ಕಳೆದ ಹಾಗೆ ಸ್ಪ್ರಿಂಗ್ ಸಡಿಲವಾದರೆ ಮುಳ್ಳು ಮುಂದೆ ಹೋಗುತ್ತದೆ. ಟಯರ್ ಅಳತೆ ಬದಲಾಗಿದ್ದರೆ ದೂರವೂ ತಪ್ಪಬೇಕಿತ್ತು. ಅದು ಸರಿ ಇರೋದರಿಂದ ಟಯರಿನದು ತಪ್ಪಲ್ಲ ಅಂತ ಖಚಿತವಾಯಿತು. ಹಳೇ ಆಮದು ಕಾರು ಇಟ್ಟುಕೊಂಡವರೆಲ್ಲ ಈ ಪರೀಕ್ಷೆ ಮಾಡಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಯೂನಿಟ್ ಬದಲಿಸಿ ಲೆಕ್ಕ ಹಾಕೋದು ಎಷ್ಟು ಕಲಿತರೂ, ಮುಳ್ಳು ಎಷ್ಟು ನಿಜ ಹೇಳುತ್ತದೆ ಅಂತ ಗೊತ್ತಿಲ್ಲದಿದ್ದರೆ ಉಪಯೋಗ ಇಲ್ಲ. ನಮ್ಮ ಅದೃಷ್ಟಕ್ಕೆ ಇದು ಜಾಸ್ತಿ ಹೇಳುವ ಮುಳ್ಳು. ಕಡಿಮೆ ಹೇಳುವ ಮುಳ್ಳಾಗಿದ್ದರೆ ಅಲ್ಲೇ ಗಾಡಿ ತಿರುಗಿಸಿ ಮೇಸ್ತ್ರಿ ಹತ್ತಿರ ಹೋಗುತ್ತಿದ್ದೆ.

ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಹೊಸದುರ್ಗದ ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲಿ ವಾಣಿವಿಲಾಸಪುರ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡ ಕಟ್ಟಿದ ಕಟ್ಟೆ. ಮೈಸೂರು ಅರಸರ ಕಾಲದಲ್ಲಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಕಾಗದದಲ್ಲಿ ವಾಣಿವಿಲಾಸ ಸಾಗರ, ಸುತ್ತಲ ಹಳ್ಳಿಯವರಿಗೆ ಮಾರಿಕಣಿವೆ. ಕಟ್ಟೆ ಮೇಲೆ ನಿಂತವರೆಲ್ಲ ಆಡೋದು ಒಂದೇ ಮಾತು: "ಎಷ್ಟು ಅಡಿ ಐತೆ ಈಗ?" ಪೂರ್ತಿ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ 2022ರ ತನಕ ಇಲ್ಲ. 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿಯಿತು. ಮಾವ 2022ರಲ್ಲಿ ಇದೇ ಗಾಡಿಯಲ್ಲಿ ಬಂದು ನೋಡಿದ್ದರು. ಅವರ ಅಮ್ಮ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಕೋಡಿಯನ್ನು ಎಪ್ಪತ್ತು ದಾಟಿದ ಮೇಲೆ ಕಣ್ಣಾರೆ ಕಂಡೆ ಅಂತ ಹೇಳುವಾಗ ಅವರ ದನಿ ನಡುಗಿತು.

ಅಲ್ಲೇ ನೆರಳಿನಲ್ಲಿ ಕುಳಿತು ಮಂಡಕ್ಕಿ ತಿನ್ನುವಾಗ ಮಗಳು ಕೇಳಿದಳು. "ನೀರು ಅಡಿಯಲ್ಲಿ, ಗಾಳಿ ಪೌಂಡಿನಲ್ಲಿ, ಜಮೀನು ಎಕರೆಯಲ್ಲಿ. ರಸ್ತೆ ಮಾತ್ರ ಯಾಕಪ್ಪಾ ಕಿಲೋಮೀಟರ್?" ಒಳ್ಳೆ ಪ್ರಶ್ನೆ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. 1957ರ ಏಪ್ರಿಲ್ 1ರಿಂದ ನಯಾಪೈಸೆ. 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ತೂಕ ಅಳತೆಗಳು ಬದಲಾದವು. ಮಾವ ಆಗ ಪ್ರೈಮರಿ ಶಾಲೆ. ಸೇರು, ಮಣ ಕಲಿತ ಮೇಲೆ ಕಿಲೋ ಕಲಿತವರು. ಅಂಗಡಿಯ ತಕ್ಕಡಿ, ರಸ್ತೆಯ ಕಲ್ಲು ಸರ್ಕಾರದ ಕೈಯಲ್ಲಿದ್ದವು, ಬದಲಾದವು. ಮನುಷ್ಯನ ಎತ್ತರ, ಜ್ವರದ ಡಿಗ್ರಿ, ಹೊಲದ ಎಕರೆ, ಗುಂಟೆ ಜನರ ಬಾಯಲ್ಲಿ ಉಳಿದವು. ನೂರಾ ಎರಡು ಜ್ವರ ಅಂದರೆ ನಾವು ಯಾರೂ ಸೆಲ್ಸಿಯಸ್ಸಿಗೆ ತಿರುಗಿಸಿ ನೋಡೋದಿಲ್ಲ, ನೇರ ಡಾಕ್ಟರ ಹತ್ತಿರ ಓಡುತ್ತೇವೆ. ಹಾಗೆಯೇ 25 ಅಂದರೆ ಹಳ್ಳಿಯ ವೇಗ ಅಂತ ಕಾಲಿಗೆ ನೇರ ತಿಳಿಯಬೇಕು.

ಈ ಗಾಡಿ ತಯಾರಾದ 1959ಕ್ಕೂ ಮೈಲಿಗೂ ಒಂದು ನಂಟಿದೆ. ಆ ವರ್ಷದ ಜುಲೈ 1ರಿಂದ ಬ್ರಿಟನ್, ಅಮೆರಿಕ ಸೇರಿ ಇಂಗ್ಲಿಷ್ ಮಾತಾಡುವ ಆರು ದೇಶಗಳು ಒಂದು ಗಜ ಅಂದರೆ ಸರಿಯಾಗಿ 0.9144 ಮೀಟರ್ ಅಂತ ಒಪ್ಪಿಕೊಂಡವು. ಹಾಗಾಗಿ ಮೈಲಿ 1,609.344 ಮೀಟರ್ ಅಂತ ಗಟ್ಟಿಯಾಯಿತು. ಅಂದರೆ ಮೈಲಿಯನ್ನೂ ಈಗ ಮೀಟರಿನಲ್ಲೇ ಅಳೆಯುತ್ತಾರೆ. ಮಾವನಿಗೆ ಇದು ಬಹಳ ಹಿಡಿಸಿತು. ರಾತ್ರಿ ಚಿತ್ರದುರ್ಗದ ಲಾಡ್ಜಿನಲ್ಲಿ ಮಲಗುವ ಮುಂಚೆ ಇನ್ನೊಮ್ಮೆ ಹೇಳಿಸಿಕೊಂಡರು.

ಸೋಮವಾರ: ಹೊಳಲ್ಕೆರೆ, ಸಂತೆಬೆನ್ನೂರು, ದಾವಣಗೆರೆ

ಬಂದ ದಾರಿಯಲ್ಲೇ ಹೋಗೋದು ಬೇಡ ಅಂತ ಹೊಳಲ್ಕೆರೆ ಕಡೆ ತಿರುಗಿದೆವು. ಇವತ್ತು ಫೋನಿನ ಜಿಪಿಎಸ್ ಆಫ್. ಹೊಳಲ್ಕೆರೆಯ ಬಯಲು ಗಣಪತಿಗೆ ಕೈಮುಗಿದು ಒಳರಸ್ತೆ ಹಿಡಿದ ಮೇಲೆ ಹಳದಿ ತಲೆಯ ಕಲ್ಲುಗಳು ಹೋಗಿ ರಾಜ್ಯ ಹೆದ್ದಾರಿಯ ಹಸಿರು ತಲೆಯ ಕಲ್ಲುಗಳು ಬಂದವು. ಎರಡೂ ಕಡೆ ಅಡಿಕೆ ತೋಟ. ಮಾರಿಸ್ ಮೈನರ್ ಹುಟ್ಟಿದ್ದೇ ಇಂಥ ರಸ್ತೆಗೆ. ಮೂರನೇ ಗೇರ್, ಮುಳ್ಳು 25 ಮತ್ತು 30ರ ನಡುವೆ, ತಿರುವಿನಲ್ಲಿ ಸ್ಟೀರಿಂಗ್ ಬೆರಳ ತುದಿಯಲ್ಲಿ ಮಾತು ಕೇಳುತ್ತದೆ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಪುಟ್ಟದಾಗಿ ಕಾಣುತ್ತಿದ್ದ ಗಾಡಿ ಇಲ್ಲಿ ರಸ್ತೆಗೆ ತಕ್ಕ ಅಳತೆಯದ್ದು ಅನ್ನಿಸಿತು.

ಹಳ್ಳಿಯೊಂದರಲ್ಲಿ ಶಾಲೆ ಬಿಟ್ಟ ಮಕ್ಕಳು ರಸ್ತೆ ತುಂಬಾ ಇದ್ದರು. ಮುಳ್ಳು 10ಕ್ಕೆ ಇಳಿದಿತ್ತು. ನಾನು ಮೀಟರ್ ನೋಡಿರಲೇ ಇಲ್ಲ, ಮಾವ ನೋಡಿ ತಲೆದೂಗಿದರು. ಎಡಕ್ಕೆ ತಿರುಗುವ ಮುಂಚೆ ಕಿತ್ತಳೆ ಕೈ ಹೊರಬಂದಾಗ ಮಕ್ಕಳು ಹೋ ಅಂತ ಕೂಗಿದರು. ಆ ಕೈಯನ್ನು ಇವತ್ತಿನ ಬೈಕಿನವರು ಗಮನಿಸೋದಿಲ್ಲ. ಅದಕ್ಕೇ ಮಾವ ಹಿಂದೆ ಮಿಣುಕುವ ದೀಪ ಹಾಕಿಸಿದ್ದಾರೆ. ಡಯಲ್ ಬದಲಿಸದ ಮನುಷ್ಯ ದೀಪ ಹಾಕಿಸಿದ್ದು ಸರಿಯಾದ ಕೆಲಸ. ಮೀಟರ್ ಓದೋನು ನಾನು, ನಾನು ಕಲಿಯಬಹುದು. ದೀಪ ನೋಡೋರು ಬೇರೆಯವರು, ಅವರಿಗೆ ಕಲಿಸೋಕಾಗೋದಿಲ್ಲ.

ಸಂತೆಬೆನ್ನೂರಿನ ಪುಷ್ಕರಣಿ ಬಳಿ ಬಿಸಿಲು ಜೋರಾಗಿತ್ತು. ಹದಿನಾರನೇ ಶತಮಾನದ ಹನುಮಂತಪ್ಪ ನಾಯಕ ಕಟ್ಟಿಸಿದ್ದು. ಹಸಿರು ನೀರಿನ ನಡುವೆ ಕಲ್ಲಿನ ಮಂಟಪ, ಸುತ್ತ ಮೆಟ್ಟಿಲು. ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ದಾವಣಗೆರೆ ಹತ್ತಿರ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಪೆಟ್ರೋಲಿನ ಲೆಕ್ಕ ನೋಡಿದೆವು. ಮಾವನ ನೋಟ್‌ಬುಕ್ಕಿನಲ್ಲಿ ಗ್ಯಾಲನ್ನಿಗೆ 36 ಮೈಲಿ ಅಂತ ಬರೆದಿತ್ತು. ಇಂಗ್ಲೆಂಡಿನ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785. ಇಂಟರ್ನೆಟ್ಟಿನಲ್ಲಿ ಹಳೇ ಕಾರಿನ ಮೈಲೇಜ್ ಹುಡುಕುವವರು ಇದನ್ನು ಮೊದಲು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಮಾವನ 36 ಅಂದರೆ ಲೀಟರಿಗೆ 12.7 ಕಿಲೋಮೀಟರ್. ಈ ಸಲ 12ಕ್ಕೆ ಸ್ವಲ್ಪ ಮೇಲೆ ಬಂತು. ಮೂರು ಜನ, ಸಾಮಾನು, ಬಿಸಿಲು ಎಲ್ಲ ಸೇರಿ ಅದು ಒಳ್ಳೆಯ ಅಂಕಿ.

ಸಂಜೆ ಮನೆಗೆ ಬಂದಾಗ ಮಾವನ ಮಗ ಕಾದಿದ್ದ. ಮುಂದಿನ ವಾರ ರಾಣೆಬೆನ್ನೂರಿನಲ್ಲಿ ಮದುವೆ, ಗಾಡಿ ಅವನು ಒಯ್ಯುತ್ತಾನೆ. ಈ ಮೀಟರಿನ ಜೊತೆ ಹೆದ್ದಾರಿಗೆ ಅವನು ಹೊಸಬ. ಮಗಳು ರಟ್ಟಿನ ಚೂರೊಂದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ಬೋರ್ಡು 40 ಇದ್ದರೆ ಮುಳ್ಳು 25, 60 ಇದ್ದರೆ 37, 80 ಇದ್ದರೆ 50. ಕೆಳಗೆ ನಾನು ಸೇರಿಸಿದೆ: ಮುಳ್ಳು 40ರ ಹತ್ತಿರ ಎರಡು ಮೈಲಿ ಜಾಸ್ತಿ ತೋರಿಸುತ್ತದೆ, ಹಾಗಂತ ಆ ಎರಡನ್ನು ಕೂಡಿಸಿಕೊಂಡು ಓಡಿಸಬೇಡ. ರಟ್ಟನ್ನು ಮೀಟರಿನ ಕೆಳಗಿನ ಗೂಡಿನಲ್ಲಿ ಇಟ್ಟೆವು.

"ಹೆದ್ದಾರಿಯಲ್ಲಿ ಎಂಬತ್ತು ಹೊಡೀಬಹುದೇನೋ ಭಾವ?" ಅಂದ.

"ಕಿಲೋಮೀಟರ್ ಆದ್ರೆ ಹೊಡಿ. ಮೂರನೇ ಕೆಂಪು ಚುಕ್ಕಿ ದಾಟಿಸಬೇಡ. ಮತ್ತೆ ಕತ್ತಲಾಗೋ ಮುಂಚೆ ವಾಪಸ್ ಹೊರಡು, ಮೀಟರಿನ ಬಲ್ಬು ಇನ್ನೂ ಬದಲಿಸಿಲ್ಲ."